ಜಗುಲಿಯ ಚಂದಾ

ಬೆಳಗಿನ ಕಾಫಿಯಾದ ಮೇಲೆ ಒಂಟಿಕೊಪ್ಪಲ್ ಪಂಚಾಂಗವನ್ನು ತೆರೆದು ಅಂದಿನ ತಿಥಿ, ವಾರ, ಮಳೆನಕ್ಷತ್ರಗಳನ್ನು ನೋಡಿಕೊಳ್ಳುವುದು ನನ್ನ ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಈ ವರ್ಷ ಆ ಪದ್ಧತಿಗೊಂದು ಸಣ್ಣ ವಿಘ್ನ ಒದಗಿತು. ಪುನರ್ವಸು ಮಳೆ ಎಂದಿಗೆ ಹುಟ್ಟುತ್ತದೆಂದು ನೋಡಲು ಕೈಹಾಕಿದರೆ ಪುಸ್ತಕವು ತಾನಾಗಿಯೇ ಬೇರೊಂದು ಪುಟದಲ್ಲಿ ತೆರೆದುಕೊಂಡು, ನಾಲ್ಕಾಗಿ ಮಡಿಸಿದ ಹಳದಿ ಕಾಗದವೊಂದನ್ನು ಕಣ್ಣಮುಂದೆ ಒಡ್ಡುತ್ತಿತ್ತು. ಅದು ತಾಲ್ಲೂಕಿನ ಹಿರಿಯ ನಾಗರಿಕರ ಸಂಘದ ಸದಸ್ಯತ್ವದ ಅರ್ಜಿ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಕುಂದೂರಿನ ನಿವೃತ್ತ ಪೋಸ್ಟ್‌ಮಾಸ್ಟರರೂ ಅವರೊಡನೆ ಮಗ್ಗೆ ಕಡೆಯ ಕಾಫಿ ಬೆಳೆಗಾರರೊಬ್ಬರೂ ನಮ್ಮ ಮನೆಗೆ ಬಂದು, ಅಕ್ಕಿರೊಟ್ಟಿ ತಿಂದು, ಮೆಣಸಿನ ಧಾರಣೆಯ ವಿಷಯ ಮಾತನಾಡಿ, ಎದ್ದು ಹೊರಡುವಾಗ ಅದನ್ನು ನನ್ನ ಕೈಯಲ್ಲಿಟ್ಟು, “ಮೇಷ್ಟ್ರೆ, ನೀವು ಬರ್ಲೇಬೇಕು. ನಿಮ್ಮಂಥೋರು ದೂರ ನಿಂತ್ರೆ ಹೆಂಗೆ?” ಎಂದು ಹೇಳಿಹೋಗಿದ್ದರು. ನಾನು ಆಗಲಿ ಎಂದೂ ಅಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಕಾಗದ ಮಾತ್ರ ಪಂಚಾಂಗದೊಳಗೆ ಉಳಿದು ದಿನವೂ ಉತ್ತರ ಕೇಳುತ್ತಿತ್ತು.

ಅರ್ಜಿಯ ಹಿಂಬದಿಯಲ್ಲಿ, ಸಂಘಕ್ಕೆ ಸೇರುವುದರಿಂದ ಲಭಿಸುವ ಪ್ರಯೋಜನಗಳನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕಿಸಿದ್ದರು. ಕನ್ನಡಕ ಏರಿಸಿಕೊಂಡು ಅವುಗಳನ್ನು ಸಾವಧಾನವಾಗಿ ಓದಿದೆ. ಬಸ್ಸಿನ ರಿಯಾಯಿತಿ ಮೊದಲನೆಯದು. ಅರವತ್ತು ತುಂಬಿದವರಿಗೆ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಶೇಕಡಾ 25ರಷ್ಟು ದರ ಕಡಿಮೆಯಾಗುವುದು ವಾಸ್ತವ. ಆದರೆ ವಯಸ್ಸನ್ನು ತೋರಿಸುವ ಗುರುತಿನ ಚೀಟಿ ಕೈಯಲ್ಲಿದ್ದರೆ ಕಂಡಕ್ಟರು ಟಿಕೆಟ್ಟು ಕೊಡುತ್ತಾನಲ್ಲದೆ ಸಂಘದ ರಸೀದಿಯನ್ನು ಕೇಳುವುದಿಲ್ಲ. ನನ್ನ ಮನೆಯವಳಿಗಂತೂ 2023ರ ಜೂನ್ 11ರಿಂದ, ಶಕ್ತಿ ಯೋಜನೆಯ ದೆಸೆಯಿಂದ, ಉಳಿದ ಮುಕ್ಕಾಲು ಪಾಲನ್ನೂ ಕೊಡಬೇಕಾದ ಪ್ರಸಂಗವಿಲ್ಲ. ರೈಲಿನ ರಿಯಾಯಿತಿಗಾಗಿ ಹೋರಾಟ ಎಂಬುದು ಎರಡನೆಯದು. ಗಂಡಸರಿಗೆ ಅರವತ್ತಾದರೆ ಶೇಕಡಾ 40, ಹೆಂಗಸರಿಗೆ ಐವತ್ತೆಂಟಾದರೆ ಶೇಕಡಾ 50 ಇದ್ದ ಆ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮರಳಿ ಬರಲಿಲ್ಲ. ಅದನ್ನು ಓದುತ್ತಿದ್ದಂತೆ ನನ್ನ ಚಿತ್ತ ಅರ್ಜಿಯನ್ನು ಬಿಟ್ಟು ಸಕಲೇಶಪುರದ ನಿಲ್ದಾಣಕ್ಕೆ ಹೋಗಿಬಿಟ್ಟಿತು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜಿನ ದಾರಿ ತೆರೆದಾಗ ನಾನು ಕಾಲೇಜಿನಲ್ಲಿದ್ದೆ. ಘಟ್ಟದ ಆ 57 ಸುರಂಗಗಳನ್ನು ಒಂದೊಂದಾಗಿ ಎಣಿಸುತ್ತ, ಕತ್ತಲೆಯೊಳಗೆ ಹೊಕ್ಕಾಗಲೆಲ್ಲ ಹುಡುಗರೆಲ್ಲ ಕೂಗುತ್ತ, ಹೊರಬಂದಾಗ ಕಿಟಕಿಯಾಚೆ ಧುಮುಕುವ ನೀರಿನ ತುಂತುರು ಮುಖಕ್ಕೆ ಬಡಿಯುತ್ತ ಇಳಿದುಹೋದ ಆ ಪ್ರಯಾಣದ ಆನಂದವನ್ನು ಮುದುಕನಾದ ಮೇಲೆ ಮೊಮ್ಮಗಳಿಗೆ ಉಣಿಸಬೇಕೆಂಬ ಆಸೆ ನನಗಿನ್ನೂ ಉಂಟು. ದಾರಿಯನ್ನು ಅಗಲ ಮಾಡಲೆಂದು 1996ರಲ್ಲಿ ನಿಲ್ಲಿಸಿದ ಗಾಡಿ, ಪ್ರಯಾಣಿಕರನ್ನು ಹೊತ್ತು ಮತ್ತೆ ಬಂದದ್ದು 2007ರಲ್ಲಿ. ಅಷ್ಟು ವರ್ಷ ಕಾದವರಿಗೆ ಟಿಕೆಟ್ಟಿನ ದರ ದೊಡ್ಡದಾಗಿ ತೋರುವುದಿಲ್ಲ.

ಇನ್ನು ಪಟ್ಟಿಯಲ್ಲಿದ್ದ ಆರೋಗ್ಯ ಶಿಬಿರ, ಬ್ಯಾಂಕಿನಲ್ಲಿ ಪ್ರತ್ಯೇಕ ಸಾಲು, ವರ್ಷಕ್ಕೊಂದು ಕ್ಷೇತ್ರದರ್ಶನ, ಹಿರಿಯರ ಸಹಾಯವಾಣಿಯ ಮಾಹಿತಿ ಇವೆಲ್ಲವೂ ಚಂದಾ ಕಟ್ಟದವರಿಗೂ ಹೇಗೋ ಲಭ್ಯವಾಗತಕ್ಕವು. 14567 ಎಂಬ ಸಂಖ್ಯೆಗೆ ಯಾವ ವೃದ್ಧನಾದರೂ ಬಿಟ್ಟಿಯಾಗಿ ಕರೆಮಾಡಬಹುದು. ಕಾನೂನು ನೆರವು ಎಂಬ ಮಾತೂ ಕಟ್ಟಕಡೆಯಲ್ಲಿತ್ತು. ಹೀಗೆ ಲಾಭನಷ್ಟದ ತಕ್ಕಡಿಯಲ್ಲಿ ತೂಗಿ ನೋಡಿದವನಿಗೆ ಸಂಘದ ಕಡೆಯ ತಟ್ಟೆ ಮೇಲಕ್ಕೇ ನಿಂತಿತು.

ಆದರೆ ತೂಕ ಹಾಕಿ ಮುಗಿದ ಮೇಲೂ ಮನಸ್ಸು ಸಮಾಧಾನಗೊಳ್ಳಲಿಲ್ಲ. ಕಾರಣವನ್ನು ಹುಡುಕುತ್ತ ಹೋದವನು ನನ್ನ ಅಜ್ಜನ ಮನೆಯ ಜಗುಲಿಗೆ ಬಂದು ತಲಪಿದೆ.

ಆ ಜಗುಲಿಯ ಮೇಲೆ ಹಲಸಿನ ಮರದ ದುಂಡು ಕಂಬಗಳಿದ್ದವು. ತಲೆಮಾರುಗಳ ಬೆನ್ನು ತಾಗಿ ತಾಗಿ ಆ ಕಂಬಗಳು ಒಂದು ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿದ್ದವು. ಆಷಾಢದ ಮಳೆ ಸೂರಿನಿಂದ ಪರದೆಯಂತೆ ಇಳಿಯುವ ಸಂಜೆಗಳಲ್ಲಿ ಅಲ್ಲಿ ಅಗ್ಗಿಷ್ಟಿಕೆ ಹೊತ್ತಿಸುತ್ತಿದ್ದರು. ಸುತ್ತಲಿನ ನಾಲ್ಕಾರು ಮನೆಗಳ ಹಿರಿಯರು ಕಂಬಳಿ ಕೊಪ್ಪೆಯನ್ನು ಕೊಡವಿ ಮೊಳೆಗೆ ನೇತುಹಾಕಿ, ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಸವರಿ ಬಿಡಿಸಿಕೊಂಡು, ಬೆಂಕಿಯ ಸುತ್ತ ಕುಳಿತರೆಂದರೆ ರಾತ್ರಿಯ ಊಟದ ತನಕ ಏಳುತ್ತಿರಲಿಲ್ಲ. ಬೂದಿಯಲ್ಲಿ ಹಲಸಿನ ಬೀಜ ಸುಡುತ್ತ ಮೂಲೆಯಲ್ಲಿ ಕುಳಿತಿದ್ದ ನನಗೆ ಅವರ ಮಾತು ಅರ್ಧಂಬರ್ಧ ಅರ್ಥವಾಗುತ್ತಿತ್ತು. ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿ, ಹಣವನ್ನು ಕಂತುಕಂತಾಗಿ ಪಡೆಯಬೇಕಾಗಿದ್ದ ಕಾಲವದು. “ಈ ಸಲ ಪಾಯಿಂಟಿಗೆ ಎಷ್ಟಂತೆ?” ಎಂಬುದರಿಂದ ಮಾತು ಆರಂಭವಾಗಿ, ಯಾರ ಮನೆಯ ಎತ್ತಿಗೆ ಕಾಲುಬಾಯಿ ಜ್ವರ ಬಂದಿದೆ, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಕೆಂಚಮ್ಮನ ಜಾತ್ರೆಗೆ ಯಾರ ಮನೆಯ ಪಾಲೆಷ್ಟು ಎಂಬಲ್ಲಿಗೆಲ್ಲ ಹರಿದು, ಕಡೆಗೆ ಯಾರದೋ ಒಂದು ಕಾಗದವನ್ನು ಓದುವಲ್ಲಿಗೆ ನಿಲ್ಲುತ್ತಿತ್ತು. ಅಂಚೆಯಲ್ಲಿ ಬಂದ ಯಾವ ಕಾಗದವಾದರೂ, ಸರ್ಕಾರದ್ದಾಗಲಿ ನೆಂಟರದ್ದಾಗಲಿ, ಆ ಜಗುಲಿಯ ಬೆಳಕಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಲ್ಪಡದೆ ಪೆಟ್ಟಿಗೆ ಸೇರುತ್ತಿರಲಿಲ್ಲ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಏಳುತ್ತಿದ್ದ ಆ ವರ್ಷಗಳಲ್ಲಿ, ಅದು ಪೂರ್ಣವಾದ 1979ಕ್ಕೆ ಮುಂಚೆ, ಹೊಳೆಸಾಲಿನ ಹಳ್ಳಿಗಳಿಗೆ ಭೂಸ್ವಾಧೀನದ ನೋಟೀಸುಗಳು ಬರತೊಡಗಿದ್ದವು. ಗದ್ದೆ ಮುಳುಗುವ ದುಃಖದಲ್ಲಿ ದಿಕ್ಕುಗಾಣದೆ ಕುಳಿತವರ ನಡುವೆ ಹಿರಿಯರೊಬ್ಬರು ಹಾಸನದ ಕಚೇರಿಗೆ ಹೋಗಿಬಂದು ಒಂದು ಸಂಗತಿಯನ್ನು ಕಲಿತುಬಂದರು. ಅರ್ಜಿಯನ್ನು ಮೇಜಿನ ಮೇಲಿಟ್ಟು ಬಂದರೆ ಸಾಲದು, ಅದರ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು, ಉತ್ತರ ಬರದಿದ್ದರೆ ಹಿಂಬರಹ ಕೇಳಬೇಕು ಎಂಬುದೇ ಆ ಸಂಗತಿ. ಅದನ್ನವರು ಆ ರಾತ್ರಿ ಜಗುಲಿಯಲ್ಲಿ ಹೇಳಿದರು. ಅಲ್ಲಿದ್ದವರು ಸಂತೆಯಲ್ಲಿ ಹೇಳಿದರು. ತಿಂಗಳೊಳಗೆ ಸುತ್ತಿನ ಹಳ್ಳಿಗಳ ರೈತರೆಲ್ಲ, ಅಕ್ಷರ ಬಾರದವರೂ ಸಹ, ಗುಮಾಸ್ತರ ಎದುರು ಕೈಕಟ್ಟಿ ನಿಂತು “ಹಿಂಬರ ಕೊಡಿ ಸ್ವಾಮಿ” ಎಂದು ಕೇಳುವುದನ್ನು ಕಲಿತಿದ್ದರು. ಪರಿಹಾರ ಪೂರ್ತಿ ದೊರೆಯಿತೆಂದು ಹೇಳಲಾರೆ. ಆದರೆ ಕಾಗದ ಕಳೆದುಹೋಗಿದೆ ಎಂಬ ಮಾತನ್ನು ಕೇಳಿಕೊಂಡು ಬರಿಗೈಯಲ್ಲಿ ಹಿಂದಿರುಗುವುದು ನಮ್ಮ ಹಳ್ಳಿಯವರಿಗೆ ತಪ್ಪಿತು.

ಆ ಜಗುಲಿ ಈಗಿಲ್ಲ. ನಾನಿರುವ ಮನೆಯೂ ಸೇರಿದಂತೆ ಈ ಸೀಮೆಯ ಮನೆಗಳೆಲ್ಲ ಮುಂಭಾಗಕ್ಕೆ ಕಬ್ಬಿಣದ ಸರಳು ಹಾಕಿಸಿಕೊಂಡಿವೆ. ತೋಟದ ಮನೆಯಿಂದ ತೋಟದ ಮನೆಗೆ ಅರ್ಧ ಮೈಲಿ, ಮುಕ್ಕಾಲು ಮೈಲಿ, ಮಕ್ಕಳು ಬೆಂಗಳೂರಿನಲ್ಲಿ, ಕತ್ತಲಾದ ಮೇಲೆ ಆನೆಗಳ ಭಯದಿಂದ ಯಾರೂ ಹೊರಗೆ ಕಾಲಿಡುವಂತಿಲ್ಲ. ಹಲಸು ಹಣ್ಣಾಗುವ ಕಾಲದಲ್ಲೂ ಭತ್ತ ತೆನೆಗಟ್ಟುವ ಕಾಲದಲ್ಲೂ ಆಲೂರು ಸಕಲೇಶಪುರದ ಊರುಗಳಲ್ಲಿ ಆನೆ ಬಾರದ ವಾರವಿಲ್ಲ. ಹಿಂಡು ಯಾವ ತೋಟದಲ್ಲಿ ಬೀಡುಬಿಟ್ಟಿದೆಯೆಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ. ಅದೊಂದು ಮಹೋಪಕಾರ, ಅದರಿಂದ ಪ್ರಾಣಗಳು ಉಳಿದಿವೆ. ಆದರೆ ಕಳೆದ ಮಳೆಗಾಲದಲ್ಲಿ, ಆನೆಗಳೆಲ್ಲಿವೆಯೆಂದು ಪ್ರತಿದಿನವೂ ತಿಳಿದಿದ್ದ ನನಗೆ, ಕೆಳಗಿನ ತೋಟದಲ್ಲಿ ಒಂಟಿಯಾಗಿರುವ ಗೌಡರು ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆ ಸೇರಿದ ವಾರ್ತೆ ಅವರು ಹಿಂದಿರುಗಿದ ತರುವಾಯ ತಿಳಿಯಿತು. ಅವರು ನನ್ನೊಡನೆ ಕುಂದೂರಿನ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಓದಿದವರು.

ಸಂಘವೆಂಬುದು ವೃದ್ಧರಿಗೆ ಏತಕ್ಕೆ ಬೇಕೆಂಬ ಪ್ರಶ್ನೆಯನ್ನು ಪತ್ರದಲ್ಲೋ ದೂರವಾಣಿಯಲ್ಲೋ ಯಾರಾದರೊಬ್ಬರೊಡನೆ ಚರ್ಚಿಸಬೇಕೆನ್ನಿಸಿ, ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳನ್ನು ಕೇಳಿದೆ. ಅವಳು ನಕ್ಕು, “ಮಾವ, ಇಲ್ಲಿ ಐವತ್ತಾಗುತ್ತಿದ್ದಂತೆ ಸಂಘದವರೇ ಹುಡುಕಿಕೊಂಡು ಕಾಗದ ಹಾಕುತ್ತಾರೆ” ಎಂದಳು. ಎ.ಎ.ಆರ್.ಪಿ. ಎಂದು ಪ್ರಸಿದ್ಧವಾದ ಆ ಸಂಸ್ಥೆಯ ಮೂಲವನ್ನು ಅವಳಿಂದ ಕೇಳಿದ ಮೇಲೆ ನನಗೆ ಅದರ ವಿಷಯದಲ್ಲಿ ಗೌರವ ಹುಟ್ಟಿತು. ಎಥೆಲ್ ಪರ್ಸಿ ಆಂಡ್ರಸ್ ಎಂಬಾಕೆ ಲಾಸ್ ಏಂಜಲೀಸಿನಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಕಷ್ಟದಲ್ಲಿದ್ದಾಳೆಂದು ಕೇಳಿ ಹಳೆಯ ಉಪಾಧ್ಯಾಯಿನಿಯೊಬ್ಬಳನ್ನು ಹುಡುಕಿಕೊಂಡು ಹೋದಾಗ, ಅಲ್ಪ ಪಿಂಚಣಿಯಲ್ಲಿ ಮನೆ ಹಿಡಿಯಲಾರದೆ ಆ ವೃದ್ಧೆ ಒಂದು ಕೋಳಿಗೂಡಿನಲ್ಲಿ ವಾಸಮಾಡುತ್ತಿದ್ದುದನ್ನು ಆಕೆ ಕಣ್ಣಾರೆ ಕಂಡಳು. 1947ರಲ್ಲಿ ನಿವೃತ್ತ ಉಪಾಧ್ಯಾಯರ ಸಂಘವನ್ನು ಕಟ್ಟಿದಳು. ಮುದುಕರಿಗೆ ಆರೋಗ್ಯವಿಮೆ ಕೊಡಲು ಕಂಪನಿಯ ಮೇಲೆ ಕಂಪನಿ ನಿರಾಕರಿಸಿದರೂ ಬಿಡದೆ ಅಲೆದು ಒಂದನ್ನು ಒಪ್ಪಿಸಿದಳು. ಉಪಾಧ್ಯಾಯರಲ್ಲದವರೂ ತಮಗೂ ಇದು ಬೇಕೆಂದು ಕೇಳತೊಡಗಲು, 1958ರಲ್ಲಿ ಬಾಗಿಲನ್ನು ಎಲ್ಲರಿಗೂ ತೆರೆದಳು. ಇಷ್ಟು ದೊಡ್ಡ ಸಂಸ್ಥೆ ಹುಟ್ಟಿದ್ದು, ಒಬ್ಬಾಕೆ ಇನ್ನೊಬ್ಬಾಕೆಯ ಮನೆಯ ಬಾಗಿಲಿಗೆ ಹೋಗಿ ನೋಡಿದ್ದರಿಂದ.

ಸೇರುವುದಕ್ಕೆ ಮುಂಚೆ ಒಂದು ಸಭೆಯನ್ನಾದರೂ ನೋಡೋಣವೆಂದು ನಿಶ್ಚಯಿಸಿ, ಭಾನುವಾರ ಬೆಳಿಗ್ಗೆ ಶಾಲೆಯ ಕೊಠಡಿಯೊಂದರಲ್ಲಿ ಸೇರಿದ್ದ ನಮ್ಮ ತಾಲ್ಲೂಕಿನ ಸಂಘದವರ ನಡುವೆ ಹೋಗಿ ಕುಳಿತೆ. ಹಿಂದಿನ ಸಭೆಯ ನಡವಳಿ ಓದಿದರು. ಈ ವರ್ಷದ ಯಾತ್ರೆ ಶೃಂಗೇರಿಗೋ ಧರ್ಮಸ್ಥಳಕ್ಕೋ ಎಂಬ ಚರ್ಚೆ ದೀರ್ಘವಾಗಿ ನಡೆಯಿತು. ಅದು ಮುಗಿಯುವ ಹೊತ್ತಿಗೆ ಬಾಗಿಲ ಬಳಿ ಕುಳಿತಿದ್ದ ವೃದ್ಧೆಯೊಬ್ಬಳು ಎದ್ದು, ಗೊಬ್ಬರದಂಗಡಿಯ ಪ್ಲಾಸ್ಟಿಕ್ ಕವರಿನೊಳಗಿಂದ ಮಡಿಸಿದ ಕಾಗದಗಳನ್ನು ತೆಗೆದು, ಎಲೆಅಡಿಕೆಯ ಕೆಂಪು ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು.

“ನಾಳೆ ಆಲೂರಿಗ್ ಹೋಗಿ ತ್ವಾಟವ ಮಗನ ಹೆಸ್ರಿಗೆ ರಿಜಿಸ್ಟ್ರು ಮಾಡ್ಸ್ಕೊಡ್ಬೇಕು ಕಣ್ರಪ್ಪಾ. ಇದ್ನೊಂದ್ಸಾರಿ ಓದಿ, ಸರಿಯಾಗೈತಾ ಹೇಳಿ.”

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರೊಬ್ಬರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲುಸಾಲಿಗೂ ಬೆರಳಿಟ್ಟು, ಚೆಕ್ಕುಬಂದಿಯನ್ನೂ ಬಿಡದೆ ಓದಿದರು. ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ. ಓದಿ ಮುಗಿಸಿ ಅವರೆಂದರು: “ಅಮ್ಮಾ, ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿದೀನಿ ಅಂತ ಮಾತ್ರ ಐತೆ. ನಿಮ್ಮನ್ನ ಕೊನೇತನಕ ನೋಡ್ಕೋಬೇಕು ಅಂತ ಎಲ್ಲೂ ಬರ್ದಿಲ್ಲ.”

“ಅದ್ಯಾಕ್ ಬರೀಬೇಕು? ಮಗ ಅಲ್ವಾ?”

ಅವರು ಬೇಸರಪಡದೆ ವಿವರಿಸಿದರು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಆಸ್ತಿ ಪಡೆದವನು ಕೊಟ್ಟವರ ಅನ್ನವಸ್ತ್ರಾದಿ ಅವಶ್ಯಕತೆಗಳನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತಿನ ಮೇಲೆ ದಾನವಾಗಿದ್ದು, ಅವನು ನಡೆಸಿಕೊಡದೆ ಹೋದರೆ ಆ ದಾನವನ್ನು ರದ್ದುಮಾಡಿಸಿಕೊಳ್ಳುವ ಹಕ್ಕು ಕೊಟ್ಟವರಿಗುಂಟು. ಆದರೆ ಆ ಷರತ್ತು ಇರಬೇಕು. ಷರತ್ತಿಲ್ಲದ ದಾನಕ್ಕೆ ಈ ಕಲಮು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು; ಕಾಯಿದೆಯನ್ನು ವೃದ್ಧರಿಗೆ ಹಿತವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತಾದರೂ, ಕೋರ್ಟಿನ ಔದಾರ್ಯವನ್ನು ನೆಚ್ಚುವುದಕ್ಕಿಂತ ಎರಡು ಸಾಲು ಬರೆಸಿಕೊಳ್ಳುವುದು ಕ್ಷೇಮ. ಕೇಳುತ್ತ ಕುಳಿತ ನನಗೆ ನಮ್ಮ ನೆಂಟರ ಪೈಕಿಯ ಒಬ್ಬ ಹಿರಿಯರು ನೆನಪಿಗೆ ಬಂದರು. ಅವರ ದಾನಪತ್ರದಲ್ಲೂ ಪ್ರೀತಿ ವಿಶ್ವಾಸವೆಂಬ ಮಾತು ಮಾತ್ರ ಇತ್ತು. ಅವರು ತಮ್ಮದೇ ತೋಟದ ಗೇಟಿನ ಹೊರಗೆ ನಿಂತು, ತಾವು ನೆಟ್ಟ ಸಿಲ್ವರ್ ಮರಗಳನ್ನು ನನಗೆ ತೋರಿಸಿದ ದಿನವನ್ನು ನಾನು ಮರೆಯಲಾರೆ. ಆ ಎರಡು ಸಾಲಿನ ವಿಷಯ ಅವರಿಗೆ ಹೇಳುವವರು ಇರಲಿಲ್ಲ. ಕಾಯಿದೆ ಇತ್ತು, ಕಚೇರಿ ಇತ್ತು, ವಕೀಲರೂ ಇದ್ದರು. ಸಹಿ ಹಾಕುವ ಹಿಂದಿನ ದಿನ ಕಾಗದವನ್ನು ಗಟ್ಟಿಯಾಗಿ ಓದುವ ಜಗುಲಿಯೊಂದು ಇರಲಿಲ್ಲ.

ಇತ್ತ ಅಜ್ಜಿ ಕಾಗದವನ್ನು ದಿಟ್ಟಿಸುತ್ತ ಬಹಳ ಹೊತ್ತು ಸುಮ್ಮನಿದ್ದು, “ಅಂಗ್ ಬರ್ಸಿದ್ರೆ ಮಗ ಬೇಜಾರ್ ಮಾಡ್ಕಳಲ್ವಾ?” ಎಂದು ಮೆಲ್ಲಗೆ ಕೇಳಿದಳು. ಶಿರಸ್ತೇದಾರರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹಿರಿಯ ಹೆಂಗಸೊಬ್ಬರು ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟು, “ನೋಡ್ಕೊಳೋ ಮಗ ಯಾಕಕ್ಕಾ ಬೇಜಾರ್ ಮಾಡ್ಕೋತಾನೆ? ಅವನ ಮುಂದೇನೇ ಓದ್ಸಿ. ಅವನೂ ಕೇಳ್ಲಿ” ಎಂದರು. ಅಜ್ಜಿ ತಲೆಯಾಡಿಸಿದಳು. ಶಿರಸ್ತೇದಾರರು ಬೇರೊಂದು ಹಾಳೆಯಲ್ಲಿ ಸೇರಿಸಬೇಕಾದ ಸಾಲುಗಳನ್ನು ದುಂಡಕ್ಷರದಲ್ಲಿ ಬರೆದು, ಪತ್ರಬರಹಗಾರರಿಗೆ ತೋರಿಸುವಂತೆ ಹೇಳಿ ಕೊಟ್ಟರು.

ಮನೆಗೆ ಬಂದು ಆ ಕಾಯಿದೆಯನ್ನು ತರಿಸಿ ಓದಿದೆ. ಪೋಷಣೆ ಕೋರಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಗೆ ಅರ್ಜಿ ಹಾಕಲು ವೃದ್ಧರು ಸ್ವತಃ ಅಶಕ್ತರಾದಲ್ಲಿ, ಅವರಿಂದ ಅಧಿಕಾರ ಪಡೆದ ನೋಂದಾಯಿತ ಸಂಘವೂ ಅವರ ಪರವಾಗಿ ಅರ್ಜಿ ಸಲ್ಲಿಸಬಹುದೆಂದು 5ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ವಿಚಾರಣೆಗೆ ಮುನ್ನ ತಂದೆ ಮಕ್ಕಳ ನಡುವೆ ರಾಜಿ ಮಾಡಿಸುವ ಸಂಧಾನಕಾರನ ಸ್ಥಾನದಲ್ಲಿಯೂ ಸಂಘದ ಪ್ರತಿನಿಧಿ ಕೂರಬಹುದು. ಹಳದಿ ಕಾಗದದ ಪಟ್ಟಿಯಲ್ಲಿ ಬಸ್ಸಿನ ರಿಯಾಯಿತಿಯ ಜಾಗದಲ್ಲಿ ಇದನ್ನು ಮುದ್ರಿಸತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ರಾತ್ರಿ ಊಟದ ಹೊತ್ತಿಗೆ ಮನೆಯವಳಿಗೆ ಇದನ್ನೆಲ್ಲ ವರ್ಣಿಸಿದೆ. ಅವಳು ಸ್ತ್ರೀಶಕ್ತಿ ಗುಂಪಿನಲ್ಲಿ ಬಹುಕಾಲದಿಂದ ಇರುವವಳು. ಸಾರು ಬಡಿಸುತ್ತ, “ನಮ್ಮ ಸಂಘದಲ್ಲಿ ಒಬ್ಳು ಒಂದು ವಾರ ಬರ್ದಿದ್ರೆ ಸಾಯಂಕಾಲ ಅವಳ ಮನೆಗೆ ಹೋಗಿ ನೋಡ್ಕಂಡು ಬರ್ತೀವಿ. ನಿಮ್ಮೋರು ಹೋಗ್ತಾರಾ?” ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಇನ್ನೊಂದನ್ನೂ ಸೇರಿಸಿದಳು: “ಲೈನ್ ಮನೆಯೋರು ಯಾರಾದ್ರೂ ಇದ್ರಾ ಅಲ್ಲಿ?”

ಇರಲಿಲ್ಲ. ಸಭೆಯಲ್ಲಿದ್ದವರು ಬಹುಮಟ್ಟಿಗೆ ಪಿಂಚಣಿದಾರರು, ಇಲ್ಲವೆ ತೋಟದ ಒಡೆಯರು. ಜೀವಮಾನವಿಡೀ ಈ ಇಳಿಜಾರುಗಳಲ್ಲಿ ಕಾಫಿ ಕುಯ್ದು, ಕಪಾತು ಮಾಡಿ, ಬೆನ್ನು ಬಾಗಿದವರಿಗೆ ತೋಟದ ಕೂಲಿಯವರ ಸಾಲುಮನೆಗಳಾದ ಲೈನುಗಳಲ್ಲೇ ವೃದ್ಧಾಪ್ಯ ಬಂದಿದೆ. 65 ತುಂಬಿದವರಿಗೆಂದು 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಈಗ ಬರುತ್ತದೆ, ಬರುವವರಿಗೆ ಬರುತ್ತದೆ. ಚಂದಾ ಕೊಡಲಾರದವರನ್ನು ಹೊರಗಿಟ್ಟ ಸಂಘಕ್ಕೆ ಹಿರಿಯರೆಲ್ಲರ ಹೆಸರಿನಲ್ಲಿ ಮಾತನಾಡುವ ಅಧಿಕಾರ ಹೇಗೆ ಬಂದೀತು? ಅಜ್ಜನ ಜಗುಲಿಯಲ್ಲಿಯೂ ಎಲ್ಲರಿಗೂ ಬೆಂಕಿಯ ಹತ್ತಿರ ಸ್ಥಳವಿರಲಿಲ್ಲ. ಕೆಲವರು ಅಂಗಳದಂಚಿನಲ್ಲಿ, ಸೂರಿನ ನೀರಿನ ಪಕ್ಕದಲ್ಲಿ ನಿಂತುಕೊಂಡೇ ಕೇಳುತ್ತಿದ್ದರು. ಅದೂ ನನಗೆ ಚೆನ್ನಾಗಿ ನೆನಪಿದೆ.

ನಾನು ಪೋಸ್ಟ್‌ಮಾಸ್ಟರರನ್ನು ಕಂಡು ಎರಡು ಮಾತು ಹೇಳಿದೆ. ಕೂಲಿ ಮಾಡಿ ಬದುಕಿದ ಹಿರಿಯರಿಗೆ ಚಂದಾ ಮಾಫಿಯಾಗಬೇಕು. ಎರಡು ಸಭೆಗೆ ಬಾರದವರ ಮನೆಗೆ ಯಾರಾದರೂ ಹೋಗಿಬರಬೇಕು. ಅವರು ಯೋಚಿಸಿ, ಮೊದಲನೆಯದನ್ನು ಸಭೆಯ ಮುಂದಿಡುವುದಾಗಿಯೂ, ಎರಡನೆಯದಕ್ಕೆ ಸಭೆಯ ಅಪ್ಪಣೆ ಬೇಕಿಲ್ಲವೆಂದೂ ಹೇಳಿದರು. ಕೆಳಗಿನ ತೋಟದ ಗೌಡರ ಮನೆಗೆ ಅಂದೇ ನಾವಿಬ್ಬರೂ ಹೋದೆವು. ಅಲ್ಲಿಯೇ, ಊರುಗೋಲನ್ನು ಪಕ್ಕಕ್ಕೆ ಆನಿಸಿಕೊಂಡು ಕುಳಿತ ಅವರ ಎದುರಿನಲ್ಲಿಯೇ, ಆಜೀವ ಚಂದಾ ಕಟ್ಟಿ ರಸೀದಿ ಪಡೆದೆ. ಗೌಡರೂ ಕಟ್ಟಿದರು.

ಈಗ ಸಂಘದಲ್ಲಿ ನನಗೊಂದು ಕೆಲಸ ಬಿದ್ದಿದೆ. ಲೈನಿನಲ್ಲಿರುವ ವೃದ್ಧರ ಪೈಕಿ ಕೆಲವರಿಗೆ ಆಧಾರ್ ಕಾರ್ಡಿನಲ್ಲಿ ವಯಸ್ಸು ಕಡಿಮೆ ನಮೂದಾಗಿ ಪಿಂಚಣಿ ದೊರೆತಿಲ್ಲ. ತಿದ್ದಿಸಲು ಜನ್ಮದಿನಾಂಕಕ್ಕೆ ದಾಖಲೆ ಬೇಕು. ಅವರಲ್ಲಿ ಯಾರಾದರೂ ಒಂದನೆಯ ತರಗತಿಗೆ ಒಂದು ವರ್ಷ ಹೋಗಿಬಂದಿದ್ದರೂ ಶಾಲೆಯ ದಾಖಲಾತಿ ವಹಿಯಲ್ಲಿ ಹೆಸರು ಇದ್ದೇ ಇರುತ್ತದೆಂಬುದು ಮೇಷ್ಟರಾಗಿದ್ದ ನನಗೆ ಗೊತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಬೀರುವಿನ ತಳದಿಂದ ಗೆದ್ದಲು ಹಿಡಿದ ಹಳೆಯ ವಹಿಗಳನ್ನು ತೆಗೆದು ಬಿಸಿಲಿಗೆ ಹರಡಿಕೊಂಡು ನಾನೂ ಗೌಡರೂ ಒಂದೊಂದಾಗಿ ನೋಡುತ್ತಿದ್ದೇವೆ. ಗೌಡರು ಹೆಸರನ್ನು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎಷ್ಟೋ ಮಕ್ಕಳ ಜನ್ಮದಿನವನ್ನು ಆ ಕಾಲದ ಮೇಷ್ಟರು ಜೂನ್ ಒಂದೆಂದೇ ಬರೆದಿದ್ದಾರೆ; ವರ್ಷ ಮಾತ್ರ ಸರಿಯಿದ್ದರೆ ನಮಗೆ ಸಾಕು. ನಿನ್ನೆ ಮಸಿ ಮಾಸಿದ ಒಂದು ಸಾಲಿನಲ್ಲಿ ನಮ್ಮ ತೋಟದಲ್ಲೇ ಬಹುಕಾಲ ಕೆಲಸ ಮಾಡಿದ ಹೆಂಗಸಿನ ಹೆಸರು ಸಿಕ್ಕಿತು. ವಹಿಯ ಪ್ರಕಾರ ಅವಳಿಗೆ 65 ತುಂಬಿ ಎರಡು ವರ್ಷವಾಗಿದೆ. ಮುಖ್ಯೋಪಾಧ್ಯಾಯರು ಸೋಮವಾರ ದೃಢೀಕರಣ ಪತ್ರ ಕೊಡುವುದಾಗಿ ಹೇಳಿದ್ದಾರೆ; ಅವಳನ್ನು ಕರೆದುಕೊಂಡು ಆಲೂರಿನ ನಾಡಕಚೇರಿಗೆ ಹೋಗುವ ಸರದಿ ಪೋಸ್ಟ್‌ಮಾಸ್ಟರರದು.